ದುರ್ಗದ ಸೀಮೆಯಲ್ಲಿ ಪಾತ್ರದಾಟ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಪಾತ್ರದಾಟ ಆಡಿಸುತ್ತಿರುವ, ಆಡಿಸಬೇಕೆಂದಿರುವ ಎಲ್ಲ ಗೇಮ್ ಮಾಸ್ಟರ್‌ಗಳಿಗೆ ಈ ಪತ್ರ.

ಪಾತ್ರದಾಟದಲ್ಲಿ ನಾಲ್ಕೈದು ಜನ ಒಂದೊಂದು ಪಾತ್ರ ವಹಿಸುತ್ತಾರೆ. ಉಳಿದ ಇಡೀ ಲೋಕವನ್ನು ಒಬ್ಬರೇ ವಹಿಸುತ್ತಾರೆ. ಆ ಒಬ್ಬರೇ ಗೇಮ್ ಮಾಸ್ಟರ್. ಬಾಗಿಲ ಕಾವಲುಗಾರ, ಸಂತೆಯ ವ್ಯಾಪಾರಿ, ಗುಹೆಯೊಳಗಿನ ಪ್ರಾಣಿ, ಮಳೆ, ಕತ್ತಲೆ, ಶತ್ರುವಿನ ಹಂಚಿಕೆ ಎಲ್ಲವೂ ಅವರ ಬಾಯಿಂದಲೇ ಬರಬೇಕು. ತಮ್ಮ ಪಾತ್ರ ಏನು ಮಾಡುತ್ತದೆಂದು ಆಟಗಾರರು ಹೇಳುತ್ತಾರೆ, ಫಲ ಏನೆಂದು ಖಚಿತವಿಲ್ಲದ ಕಡೆ ದಾಳ ಉರುಳುತ್ತದೆ, ಮುಂದೇನಾಯಿತೆಂದು ಗೇಮ್ ಮಾಸ್ಟರ್ ಹೇಳುತ್ತಾರೆ. ಗೆದ್ದವರು, ಸೋತವರು ಎಂಬ ಎರಡು ಪಕ್ಷ ಇಲ್ಲಿಲ್ಲ. ಈ ಕೆಲಸದ ಕಷ್ಟಗಳಲ್ಲಿ ಹೆಚ್ಚಿನವು ಒಂದೇ ಬೇರಿನಿಂದ ಹುಟ್ಟುತ್ತವೆ. ಲೋಕವನ್ನು ಗಟ್ಟಿಯಾಗಿ ಹಿಡಿದಿರಬೇಕು, ಕತೆಯ ಕೊನೆಯನ್ನು ಮಾತ್ರ ಹಿಡಿದಿಟ್ಟುಕೊಳ್ಳಬಾರದು. ದುರ್ಗದ ಸೀಮೆಯಲ್ಲಿ ಆ ಕಷ್ಟ ಇಮ್ಮಡಿಯಾಗುತ್ತದೆ, ಏಕೆಂದರೆ ಇಲ್ಲಿನ ಕತೆಗಳ ಕೊನೆ ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು.

ಗೇಮ್ ಮಾಸ್ಟರ್ ಹುದ್ದೆ ಹುಟ್ಟಿದ್ದು ಸೈನ್ಯದಲ್ಲಿ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್ವಿಟ್ಜ್ ನಕ್ಷೆಯ ಮೇಲೆ ಆಡುವ ಯುದ್ಧದಾಟವೊಂದರ ನಿಯಮಾವಳಿ ಪ್ರಕಟಿಸಿದರು. ಎರಡು ಪಕ್ಷಗಳ ನಡುವೆ ಒಬ್ಬ ತೀರ್ಪುಗಾರ ಇರುತ್ತಿದ್ದ. ಯಾರ ಪಡೆ ಎಲ್ಲಿದೆಯೆಂಬುದು ಪೂರ್ತಿಯಾಗಿ ಗೊತ್ತಿರುತ್ತಿದ್ದುದು ಅವನೊಬ್ಬನಿಗೇ. ಲೆಕ್ಕದ ಕೋಷ್ಟಕಗಳ ಭಾರಕ್ಕೆ ಆಟ ಕುಂಟತೊಡಗಿದಾಗ, 1876ರಲ್ಲಿ ಫೆರ್ಡಿ ದು ವೆರ್ನುವಾ ಎಂಬ ಸೇನಾನಿ ಕೋಷ್ಟಕಗಳನ್ನು ಬದಿಗಿಟ್ಟು, ಅನುಭವವುಳ್ಳ ತೀರ್ಪುಗಾರನ ವಿವೇಚನೆಗೇ ಆಟವನ್ನು ಒಪ್ಪಿಸಬೇಕೆಂದು ವಾದಿಸಿದರು. ನಿಯಮ ದೊಡ್ಡದೋ ವಿವೇಚನೆ ದೊಡ್ಡದೋ ಎಂಬ ಆ ಚರ್ಚೆ ಇವತ್ತಿನ ಆಟದ ಮೇಜುಗಳಲ್ಲೂ ಮುಗಿದಿಲ್ಲ.

ಯುದ್ಧದಾಟ ಪಾತ್ರದಾಟವಾಗಿ ತಿರುಗಿದ್ದು ಅಮೆರಿಕದ ಮಿನೆಸೋಟಾದಲ್ಲಿ, 1960ರ ದಶಕದ ಕೊನೆಗೆ. ಡೇವಿಡ್ ವೆಸ್ಲಿ ಎಂಬುವರು ಬ್ರೌನ್‌ಸ್ಟೈನ್ ಎಂಬ ಕಲ್ಪನೆಯ ಊರೊಂದನ್ನು ಇಟ್ಟುಕೊಂಡು, ಸೇನಾಪತಿಗಳ ಜತೆಗೆ ಊರಿನ ಬೇರೆ ಬೇರೆ ಜನರ ಪಾತ್ರಗಳನ್ನೂ ಹಂಚಿದರು. ಯುದ್ಧ ಶುರುವಾಗುವುದಕ್ಕೆ ಮೊದಲೇ ಆಟಗಾರರು ತಮ್ಮ ಪಾಡಿಗೆ ಊರೊಳಗೆ ತಿರುಗಿ, ಸಂಚು ಹೂಡಿ, ಒಬ್ಬರನ್ನೊಬ್ಬರು ದ್ವಂದ್ವಯುದ್ಧಕ್ಕೆ ಕರೆದು ಎಲ್ಲವನ್ನೂ ಕಲಸಿಬಿಟ್ಟರು. ಆಟ ಕೆಟ್ಟುಹೋಯಿತೆಂದು ವೆಸ್ಲಿ ತಿಳಿದರು; ಆಟಗಾರರು ಇನ್ನೊಮ್ಮೆ ಆಡಿಸಿ ಎಂದು ಬೆನ್ನುಬಿದ್ದರು. ಅದೇ ಬಳಗದ ಡೇವ್ ಆರ್ನೆಸನ್ ಈ ಬಗೆಯನ್ನು ಮಾಯಾಲೋಕಕ್ಕೆ ಒಯ್ದು ಬ್ಲ್ಯಾಕ್‌ಮೂರ್ ಎಂಬ ಆಟ ನಡೆಸಿದರು. ಅವರೂ ಗ್ಯಾರಿ ಗೈಗ್ಯಾಕ್ಸ್ ಅವರೂ ಸೇರಿ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಮೂರು ಕಿರುಪುಸ್ತಕಗಳಾಗಿ ಹೊರಬಂತು. ಮೊದಲ ಮುದ್ರಣ 1000 ಪ್ರತಿ. ವೆಸ್ಲಿಯವರಿಗೆ ಸೋಲಿನಂತೆ ಕಂಡದ್ದೇ ಈ ಕಲೆಯ ಜೀವಾಳ. ತಾನು ಸಿದ್ಧಮಾಡಿಟ್ಟ ದಾರಿ ಬಿಟ್ಟು ಆಟಗಾರರು ಬೇರೆ ದಾರಿ ಹಿಡಿದಾಗ ಹೊಸ ಗೇಮ್ ಮಾಸ್ಟರ್‌ಗೆ ಆಗುವ ಗಾಬರಿಗೂ ಇಷ್ಟೇ ವಯಸ್ಸು.

ಕನ್ನಡ ನಾಡಿಗೆ ಈ ಹುದ್ದೆ ಪೂರ್ತಿ ಹೊಸದೇನಲ್ಲ. ಬಯಲುಸೀಮೆಯ ಮೂಡಲಪಾಯ ಬಯಲಾಟದಲ್ಲಿ ಊರಿನ ಜನರೇ ವೇಷ ಕಟ್ಟುತ್ತಾರೆ. ಅವರಿಗೆ ಕಲಿಸುವವರೂ ರಾತ್ರಿಯಿಡೀ ಹಾಡಿ ಆಟ ಮುನ್ನಡೆಸುವವರೂ ಭಾಗವತರು. ರಂಗಕ್ಕೆ ಬಂದ ವೇಷಧಾರಿಯನ್ನು ಸಾರಥಿ ಎದುರುಗೊಂಡು ಯಾರು, ಎಲ್ಲಿಂದ ಬಂದದ್ದು, ಏನು ಕಾರಣ ಎಂದು ಕೇಳುತ್ತಾನೆ. ಪಾತ್ರ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ. ಪಾತ್ರದ ಬಗ್ಗೆ ತಾನು ಹೇಳದೆ ಪಾತ್ರವನ್ನೇ ಕೇಳುವ ಈ ಕ್ರಮವನ್ನು ಗೇಮ್ ಮಾಸ್ಟರ್‌ಗಳು ಹಾಗೆಯೇ ಎತ್ತಿಕೊಳ್ಳಬಹುದು. ಮೊದಲ ಕೂಟದಲ್ಲಿ ಪಾತ್ರಗಳ ಹಿನ್ನೆಲೆಯನ್ನು ಓದಿ ಹೇಳುವ ಬದಲು, ನಾಲ್ಕು ಪ್ರಶ್ನೆ ಕೇಳಿದರೆ ಕೆಲಸ ಮುಗಿಯುತ್ತದೆ. ಕರಾವಳಿಯ ತಾಳಮದ್ದಳೆ ಇನ್ನೂ ಒಂದು ಹೆಜ್ಜೆ ಹತ್ತಿರ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಆಶುಮಾತಿನಲ್ಲಿ ಪಾತ್ರ ಕಟ್ಟಬೇಕು. ಕಾಸರಗೋಡು ಸೀಮೆಯಿಂದ ಬಂದ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಮಾತಿಗೆ ಜನ ರಾತ್ರಿಯೆಲ್ಲ ಕೂತಿರುತ್ತಿದ್ದರು. ಕತೆಯ ಕೊನೆ ಎಲ್ಲರಿಗೂ ಗೊತ್ತಿತ್ತು. ವಾಲಿ ಸಾಯುತ್ತಾನೆ, ಕರ್ಣ ಸಾಯುತ್ತಾನೆ. ಆದರೆ ಸಾಯುವ ಮುಂಚೆ ವಾಲಿ ರಾಮನಿಗೆ ಏನು ಕೇಳುತ್ತಾನೆ, ರಾಮ ಅದಕ್ಕೆ ಏನು ಉತ್ತರ ಕೊಡುತ್ತಾನೆ ಎಂಬುದು ಅಂದಿನ ರಾತ್ರಿಗೇ ಬಿಟ್ಟದ್ದು. ಪಾತ್ರದಾಟ ಇನ್ನೂ ಮುಂದೆ ಹೋಗಿ ಕೊನೆಯನ್ನೂ ತೆರೆದಿಡುತ್ತದೆ. ಬಯಲಾಟದಿಂದ ಕಲಿತವರು ಎಡವುವುದು ಅಲ್ಲಿಯೇ: ಭಾಗವತರ ಪ್ರಸಂಗಕ್ಕೆ ಮಂಗಳ ಮೊದಲೇ ಬರೆದಿರುತ್ತದೆ, ಗೇಮ್ ಮಾಸ್ಟರ್ ಅದನ್ನು ಬರೆದಿಡುವಂತಿಲ್ಲ.

ಚಿತ್ರದುರ್ಗದ ಕೋಟೆಯಷ್ಟು ಸಿದ್ಧವಾಗಿ ಸಿಗುವ ಆಟದ ಭೂಮಿ ಅಪರೂಪ. ಏಳು ಸುತ್ತು, ತಿರುವಿನಲ್ಲಿ ಅಡಗಿರುವ ಬಾಗಿಲುಗಳು, ಬಂಡೆಗಳ ನೆತ್ತಿಯ ಮೇಲೆ ಬತ್ತೇರಿಗಳು, ಎಣ್ಣೆಕೊಳ, ಟಂಕಸಾಲೆ, ಮದ್ದು ಬೀಸುವ ಕಲ್ಲುಗಳು, ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ. ಭೀಮನ ಕೈಯಲ್ಲಿ ಸತ್ತ ಹಿಡಿಂಬನ ಕತೆ ಹೊತ್ತ ಹಿಡಿಂಬೇಶ್ವರನ ಗುಡಿಯೂ ಅಲ್ಲೇ ಇದೆ. ಕೋಟೆಯ ಪಕ್ಕದಲ್ಲಿ ಚಂದ್ರವಳ್ಳಿ. ಕದಂಬರ ಮಯೂರಶರ್ಮನ ಶಾಸನ, ಅಂಕಲಿಮಠದ ನೆಲದಡಿಯ ಕೋಣೆಗಳು, ಉತ್ಖನನದಲ್ಲಿ ಸಿಕ್ಕ ಸಾತವಾಹನ ಮತ್ತು ರೋಮನ್ ನಾಣ್ಯಗಳು. ರೋಮಿನ ನಾಣ್ಯ ಹಿಡಿದ ವ್ಯಾಪಾರಿಯೊಬ್ಬ ಸಂಜೆಗತ್ತಲಲ್ಲಿ ಚಂದ್ರವಳ್ಳಿಯ ಕೆರೆ ಏರಿಯ ಮೇಲೆ ಎದುರಾದರೆ ಅದು ಗಾಳಿಯಲ್ಲಿ ಹುಟ್ಟಿದ ಕಲ್ಪನೆಯೇನೂ ಅಲ್ಲ. ಹೊರದೇಶದ ಆಟದ ಪುಸ್ತಕಗಳು ನೆಲಮಾಳಿಗೆಯ ನಕ್ಷೆಗಳನ್ನು ಪುಟಗಟ್ಟಲೆ ಬರೆದುಕೊಡುತ್ತವೆ. ದುರ್ಗದವರು ಒಂದು ಭಾನುವಾರ ಬೆಳಗ್ಗೆ ಕೋಟೆ ಹತ್ತಿ, ಬಾಗಿಲಿಂದ ಬಾಗಿಲಿಗೆ ಎಷ್ಟು ಹೆಜ್ಜೆ, ಎಲ್ಲಿ ನಿಂತರೆ ಯಾವುದು ಕಾಣುವುದಿಲ್ಲ ಎಂದು ಬರೆದುಕೊಂಡು ಬಂದರೆ ಅದಕ್ಕಿಂತ ಒಳ್ಳೆಯ ನಕ್ಷೆ ಕೈಯಲ್ಲಿರುತ್ತದೆ.

ಕಷ್ಟ ಕತೆಯಲ್ಲಿದೆ. ಒನಕೆ ಓಬವ್ವನ ಪ್ರಸಂಗ ತೆಗೆದುಕೊಂಡರೆ ಸಾಕು. ಓಬವ್ವನ ಗಂಡ ಕಹಳೆಯ ಮುದ್ದಹನುಮ ಊಟಕ್ಕೆ ಕೂತಿದ್ದಾನೆ, ಓಬವ್ವ ನೀರಿಗೆಂದು ತಣ್ಣೀರು ದೋಣಿಗೆ ಬಂದಿದ್ದಾಳೆ, ಪಕ್ಕದ ಕಿಂಡಿಯಲ್ಲಿ ಹೈದರಾಲಿಯ ಸೈನಿಕರ ಸದ್ದು ಕೇಳುತ್ತದೆ. ಆ ಕಿಂಡಿಯ ಮುಂದೆ ನಿಂತವರಿಗೆ ಕತೆಯ ತರ್ಕ ಕಣ್ಣಿಗೆ ಕಟ್ಟುತ್ತದೆ: ಬಂಡೆಯ ಸಂದಿನಲ್ಲಿ ಬಗ್ಗಿ, ತಲೆ ಮುಂದೆ ಮಾಡಿ, ಒಬ್ಬೊಬ್ಬರಾಗಿಯೇ ತೂರಬೇಕು, ಒಳಗೆ ನಿಂತವರ ಕೈಯಲ್ಲಿ ಒನಕೆ ಇದ್ದರೆ ಅಷ್ಟೇ ಸಾಕು. ಮುಂದಿನದು ಎಲ್ಲರಿಗೂ ಗೊತ್ತು. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಓಬವ್ವನಾದ ಮೇಲಂತೂ ಆ ದೃಶ್ಯ ಕನ್ನಡಿಗರ ಕಣ್ಣಲ್ಲಿ ಅಚ್ಚೊತ್ತಿ ಕೂತಿದೆ. ಹೊಸ ಗೇಮ್ ಮಾಸ್ಟರ್ ಮೊದಲು ಮಾಡುವುದು ಒಬ್ಬ ಆಟಗಾರ್ತಿಗೆ ಓಬವ್ವನ ಪಾತ್ರ ಕೊಡುವುದು. ಆಗ ಎರಡರಲ್ಲಿ ಒಂದು ಆಗುತ್ತದೆ. ಆಕೆ ಗೊತ್ತಿದ್ದ ಕತೆಯನ್ನೇ ಮತ್ತೆ ನಡೆಸುತ್ತಾಳೆ, ದಾಳಕ್ಕೆ ಕೆಲಸವೇ ಇರುವುದಿಲ್ಲ; ಇಲ್ಲವೇ ಮೊದಲ ಪೆಟ್ಟಿಗೇ ದಾಳ ಕೈಕೊಟ್ಟು ಓಬವ್ವ ಬೀಳುತ್ತಾಳೆ, ಮೇಜಿನ ಸುತ್ತ ಕೂತವರ ಮುಖ ಕಪ್ಪಿಡುತ್ತದೆ. ಎರಡೂ ಆಟವಲ್ಲ.

ಇದಕ್ಕೆ ಪರಿಹಾರ ಓಬವ್ವನನ್ನು ಅವಳ ಜಾಗದಲ್ಲೇ ಬಿಟ್ಟು, ಆಟಗಾರರನ್ನು ಅವಳ ಪಕ್ಕದ ತಿರುವಿನಲ್ಲಿ ನಿಲ್ಲಿಸುವುದು. ಕಿಂಡಿಯ ಗುಟ್ಟು ಶತ್ರು ಪಾಳೆಯಕ್ಕೆ ಮುಟ್ಟಿದ್ದು ಹೇಗೆ? ಒಳಗಿನವರ ಕೈವಾಡವೇ? ಇದನ್ನು ಹುಡುಕಲು ಹೊರಟ ನಾಲ್ಕು ಜನರ ಹಣೆಬರಹ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಕೋಟೆಯ ಪತನಕ್ಕೂ ಇದೇ ಮಾತು. 1779ರಲ್ಲಿ ದುರ್ಗ ಹೈದರಾಲಿಯ ಕೈಸೇರಿತು, ಕೊನೆಯ ಮದಕರಿ ನಾಯಕ ಸೆರೆಯಾದ. ತಳುಕಿನ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಓದಿದವರಿಗೆ ಆ ದಿನಗಳು ಬಾಯಿಪಾಠ. 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ ಅದು. ಅಲ್ಲಿ ನಾಯಕನ ಬದಲು ಮದ್ದಿನ ಮನೆಯ ಮೇಸ್ತ್ರಿಯನ್ನೋ, ಟಂಕಸಾಲೆಯ ಅಕ್ಕಸಾಲಿಯನ್ನೋ, ಸುದ್ದಿ ಒಯ್ಯುವ ಹುಡುಗಿಯನ್ನೋ ಪಾತ್ರವಾಗಿ ಕೊಟ್ಟರೆ ಕೋಟೆ ಬೀಳುವುದು ಹಿನ್ನೆಲೆಯಾಗಿ ಉಳಿಯುತ್ತದೆ, ಆ ರಾತ್ರಿ ಯಾರು ಯಾರನ್ನು ಕೈಹಿಡಿದು ಇಳಿಸಿಕೊಂಡು ಹೋದರು ಎಂಬುದು ಆಟವಾಗುತ್ತದೆ. ಹಿರಿಯೂರಿನವರ ಬಳಿ ಮಾರಿಕಣಿವೆ ಇದೆ. ಅಲ್ಲಿ ವೇದಾವತಿಗೆ ಅಡ್ಡವಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರ ತುಂಬಿತೆಂಬುದು ಚರಿತ್ರೆ. ಕಣಿವೆ ಮಾರಮ್ಮನ ಎದುರು ಕಲ್ಲು ಹೊತ್ತ ಕೂಲಿಗಳು, ನೀರು ಏರುವ ಮುಂಚೆ ಮನೆ ಬಿಡಬೇಕಾದವರು ಏನೇನು ಮಾಡಿದರೆಂಬುದು ತೆರೆದ ಮಾತು. ದೊಡ್ಡದರ ಕೊನೆ ಗೊತ್ತಿರಲಿ, ಚಿಕ್ಕವರ ಕೊನೆ ಗೊತ್ತಿಲ್ಲದಿರಲಿ: ಕೊನೆ ಗೊತ್ತಿರುವ ನಾಡಿನಲ್ಲಿ ಆಟ ಕಟ್ಟುವುದಕ್ಕೆ ಇದಕ್ಕಿಂತ ನೆಚ್ಚಬಹುದಾದ ಉಪಾಯ ಕಾಣುವುದಿಲ್ಲ.

ಸಿದ್ಧತೆಯೂ ಇದಕ್ಕೆ ತಕ್ಕಂತೆ ಇರಬೇಕು. ‘ಮೊದಲು ಹೀಗಾಗುತ್ತದೆ, ಆಮೇಲೆ ಹಾಗಾಗುತ್ತದೆ’ ಎಂದು ದೃಶ್ಯಗಳನ್ನು ಸಾಲಾಗಿ ಬರೆದುಕೊಂಡ ಗೇಮ್ ಮಾಸ್ಟರ್ ಅರ್ಧ ಗಂಟೆಯೊಳಗೆ ಆಟಗಾರರನ್ನು ಆ ಸಾಲಿಗೆ ಎಳೆಯುವುದರಲ್ಲೇ ಬೆವರುತ್ತಾರೆ. ಬರೆದುಕೊಳ್ಳಬೇಕಾದ್ದು ಬೇರೆ: ಯಾರಿಗೆ ಏನು ಬೇಕು, ಅದಕ್ಕಾಗಿ ಅವರ ಕೈಯಲ್ಲಿ ಏನಿದೆ, ಯಾರೂ ಅಡ್ಡಬರದಿದ್ದರೆ ಏನಾಗುತ್ತದೆ. ಮದ್ದಿನ ಮನೆಯ ಮೇಸ್ತ್ರಿಗೆ ಬಂದ ಪೆಟ್ಲುಪ್ಪಿನಲ್ಲಿ ಬೂದಿ ಬೆರೆತಿದೆ ಎಂದಿಟ್ಟುಕೊಳ್ಳೋಣ. ಸರಬರಾಜು ಮಾಡಿದ ಸಾಹುಕಾರ ಮೇಸ್ತ್ರಿಯ ಮಗಳನ್ನು ಕೊಡಬೇಕಾದ ಮನೆಯವನು, ಆದ್ದರಿಂದ ಮೇಸ್ತ್ರಿ ಬಾಯಿಬಿಡುವುದಿಲ್ಲ. ಯಾರೂ ಕೇಳದಿದ್ದರೆ ಮೂರನೆಯ ದಿನ ಬತ್ತೇರಿಯ ಫಿರಂಗಿ ಹಾರುವುದಿಲ್ಲ. ಇಷ್ಟು ಗೊತ್ತಿದ್ದರೆ, ಆಟಗಾರರು ಮೇಸ್ತ್ರಿಯನ್ನು ಹೆದರಿಸಿದರೂ, ಸಾಹುಕಾರನ ಗಾಡಿ ತಡೆದರೂ, ಮದುವೆಯನ್ನೇ ಮುರಿಸಿದರೂ ಗೇಮ್ ಮಾಸ್ಟರ್ ತಡವರಿಸಬೇಕಾಗಿಲ್ಲ. ಇಲ್ಲಿ ಒಂದು ಎಚ್ಚರಿಕೆ ಇದೆ. ಆಟ ಮುಂದುವರಿಯಲು ತಿಳಿಯಲೇಬೇಕಾದ ಸಂಗತಿಗೆ ಒಂದೇ ಬಾಗಿಲು ಇಟ್ಟರೆ ಆ ಬಾಗಿಲು ಯಾರ ಕಣ್ಣಿಗೂ ಬೀಳದೆ ಕೂಟವೇ ನಿಂತುಹೋಗುತ್ತದೆ. ಬೂದಿಯ ಗುಟ್ಟು ಮೇಸ್ತ್ರಿಯ ಮನೆಯಲ್ಲೂ ಸಿಗಬೇಕು, ಗಾಡಿ ಹೊಡೆಯುವವನ ಬಾಯಲ್ಲೂ ಸಿಗಬೇಕು, ಹಾರದೆ ಉಳಿದ ಮದ್ದಿನ ವಾಸನೆಯಲ್ಲೂ ಸಿಗಬೇಕು.

ವರ್ಣನೆ ಮಾಡುವಾಗ ಗೇಮ್ ಮಾಸ್ಟರ್‌ಗಳು ಉದ್ದಕ್ಕೆ ಹೋಗುವುದು ಸಾಮಾನ್ಯ. ಕೇಳುವವರಿಗೆ ನೆನಪಿರುವುದು ಎರಡು ಮೂರು ವಿವರ. ಅವುಗಳಲ್ಲಿ ಒಂದು ಕಿವಿಗೋ ಮೂಗಿಗೋ ಸಂಬಂಧಿಸಿದ್ದಾಗಿರಲಿ, ಒಂದು ಕೈಹಾಕಿ ಏನಾದರೂ ಮಾಡಬಹುದಾದ್ದಾಗಿರಲಿ. ಕೊನೆಗೆ ಪ್ರಶ್ನೆ. ಮೇಜಿನ ಮೇಲಿನ ಒಂದು ನಿಮಿಷ ಹೀಗಿರಬಹುದು:

“ರಂಗಯ್ಯನ ಬಾಗಿಲು ಮುಚ್ಚಿದೆ. ಪಂಜಿನ ಎಣ್ಣೆ ಕಮಟು ವಾಸನೆ. ದಿಡ್ಡಿ ಬಾಗಿಲು ಒಂದು ಗೇಣು ತೆರೆದಿದೆ, ಅದರ ಸಂದಿನಿಂದ ಕಾವಲಿನವನು ಇಣುಕುತ್ತಾನೆ: ‘ಯಾರಪ್ಪಾ ಅದು? ಬಾಗ್ಲು ಹಾಕಿ ಎಷ್ಟೊತ್ತಾತು, ಈ ಹೊತ್ನಾಗೆ ಎಲ್ಲಿಗೆ ಹೊಂಟೀರಿ?’ ಏನು ಹೇಳುತ್ತೀರಿ?”

“ಅಣ್ಣಾ, ನಮ್ಮವ್ವಂಗೆ ಹುಷಾರಿಲ್ಲ, ಪಂಡಿತರ ಮನೆಗೆ ಹೋಗ್ಬೇಕು ಅಂತೀನಿ.”

“ನಿಜವೋ ಸುಳ್ಳೋ?”

“ಸುಳ್ಳು.”

“ಅವನು ಪಂಜನ್ನು ನಿನ್ನ ಮುಖದ ಹತ್ತಿರ ತರುತ್ತಾನೆ. ದಾಳ ಹಾಕು.”

ಇಷ್ಟರಲ್ಲಿ ಜಾಗವೂ ಬಂತು, ಕಾವಲಿನವನ ಗುಣವೂ ಬಂತು, ದಾಳಕ್ಕೆ ಕಾರಣವೂ ಬಂತು. ಭಾಷೆಯ ಕಷ್ಟವೂ ಇಲ್ಲೇ ಅರ್ಧ ಪರಿಹಾರವಾಗುತ್ತದೆ. ನಿಯಮದ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದರಿಂದ ಹಲವರು ಆಟವನ್ನೂ ಇಂಗ್ಲಿಷಿನಲ್ಲೇ ಆಡಿಸಲು ಹೋಗುತ್ತಾರೆ; ಆಗ ಮಾತು ಬರುವ ಒಬ್ಬಿಬ್ಬರು ಆಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಇನ್ನು ಕೆಲವರು ಪಾಳೆಯಗಾರರ ಕಾಲವೆಂದ ಕೂಡಲೇ ಐತಿಹಾಸಿಕ ನಾಟಕದ ಗ್ರಾಂಥಿಕ ಕನ್ನಡಕ್ಕೆ ಏರುತ್ತಾರೆ. ಹತ್ತು ನಿಮಿಷಕ್ಕೆ ಎಲ್ಲರಿಗೂ ಉಸಿರು ಕಟ್ಟುತ್ತದೆ. ಅರಮನೆಯಲ್ಲಿ ಒಂದಿಷ್ಟು ಬಿಗಿ, ಸಂತೆಯಲ್ಲಿ ಮನೆಮಾತು, ನಿಯಮ ಹೇಳುವಾಗ ಹಿಟ್ ಪಾಯಿಂಟ್, ಡ್ಯಾಮೇಜ್ ಎಂದು ಎಲ್ಲರೂ ಆಡುವ ಮಾತು: ಈ ಮೂರನ್ನೂ ಅಳುಕಿಲ್ಲದೆ ಬೆರೆಸಬಹುದು. ಮಾತಿನ ಲಯ ಕಲಿಯಬೇಕೆನ್ನುವವರಿಗೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಹತ್ತಿರದಲ್ಲೇ ಇದೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಆಸ್ಥೆಯಿಂದ ಬೆಳೆದ ಅಲ್ಲಿನ ಶಿವಸಂಚಾರ 1997ರಿಂದ ನಾಡೆಲ್ಲ ತಿರುಗಿ ನಾಟಕ ಆಡುತ್ತಿದೆ. ಒಬ್ಬನೇ ನಟ ಹೆಗಲು ಬಗ್ಗಿಸಿ ಮುದುಕನಾಗುವುದು, ಮರುಕ್ಷಣ ನೆಟ್ಟಗೆ ನಿಂತು ಅಧಿಕಾರಿಯಾಗುವುದು ಗೇಮ್ ಮಾಸ್ಟರ್‌ಗೆ ನೇರವಾಗಿ ದಕ್ಕುವ ಪಾಠ. ಇಪ್ಪತ್ತು ಬಗೆಯ ದನಿ ಬೇಕಿಲ್ಲ. ಪ್ರತಿ ಪಾತ್ರಕ್ಕೆ ಒಂದು ಭಂಗಿ, ಒಂದು ರೂಢಿಮಾತು ಇದ್ದರೆ ಆಟಗಾರರು ಗುರುತು ಹಿಡಿಯುತ್ತಾರೆ.

ದಾಳಗಳು ಸಣ್ಣ ತೊಡಕು. ನಾಲ್ಕು, ಎಂಟು, ಹತ್ತು, ಹನ್ನೆರಡು, ಇಪ್ಪತ್ತು ಮುಖದವು ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸಿಗುವುದು ಕಷ್ಟ. ಇಸ್ಪೀಟಿನ ಕಟ್ಟಿನಿಂದ ಒಂದು ಕೆಂಪು, ಒಂದು ಕಪ್ಪು ಬಣ್ಣದ ಎಕ್ಕದಿಂದ ಹತ್ತರವರೆಗಿನ ಎಲೆ ತೆಗೆದರೆ 20 ಎಲೆಗಳಾದವು; ಕಪ್ಪು ಬಂದರೆ ಹತ್ತು ಕೂಡಿಸಿದರಾಯಿತು. ತೆಗೆದ ಎಲೆಯನ್ನು ಪ್ರತಿಸಲ ಹಿಂದಿಟ್ಟು ಕಲಸಬೇಕು. ಎರಡು ಸಾಮಾನ್ಯ ದಾಳಗಳೇ ಸಾಕೆನ್ನುವ ಆಟಗಳೂ ಇವೆ. ಎರಡರ ಮೊತ್ತ ಬರುವ 36 ಬಗೆಗಳಲ್ಲಿ 15ರಲ್ಲಿ ಆರು ಅಥವಾ ಕಡಿಮೆ, 15ರಲ್ಲಿ ಏಳರಿಂದ ಒಂಬತ್ತು, ಆರರಲ್ಲಿ ಹತ್ತು ಅಥವಾ ಹೆಚ್ಚು ಬೀಳುತ್ತದೆ. 2010ರ ‘ಅಪೋಕ್ಯಾಲಿಪ್ಸ್ ವರ್ಲ್ಡ್’ ಮತ್ತು ಅದರ ದಾರಿಯಲ್ಲಿ ಬಂದ ಆಟಗಳು ನಡುವಿನ ಮೊತ್ತಕ್ಕೆ ‘ಕೆಲಸ ಆಯಿತು, ಆದರೆ ಬೆಲೆ ತೆರಬೇಕು’ ಎಂಬ ಅರ್ಥ ಕೊಡುತ್ತವೆ. ಕಾವಲಿನವನು ಬಿಟ್ಟ, ಆದರೆ ಮುಖ ಗುರುತಿಟ್ಟುಕೊಂಡ. ಹೊಸ ಗೇಮ್ ಮಾಸ್ಟರ್‌ಗಳಿಗೆ ಕತೆ ಮುಂದೆ ತಳ್ಳಲು ಇದರಷ್ಟು ನೆರವಾಗುವ ನಿಯಮ ಇನ್ನೊಂದಿಲ್ಲ. ಚೌಕಾಬಾರದ ಕವಡೆಗಳನ್ನೂ ಬಳಸಬಹುದು. ಕವಡೆಯ ಎರಡು ಮಗ್ಗುಲು ಸಮನಾಗಿ ಬೀಳುವುದಿಲ್ಲವಾದ್ದರಿಂದ, ಮೊದಲು ನೂರು ಸಲ ಎಸೆದು ಎಣಿಸಿಕೊಂಡು ಆಮೇಲೆ ನಿಯಮ ಕಟ್ಟುವುದು ಮೇಲು. ಸೋತರೆ ಏನೂ ಆಗದ ಕಡೆ, ಗೆದ್ದರೆ ಏನೂ ಬದಲಾಗದ ಕಡೆ ದಾಳ ಹಾಕಿಸಲೇಬಾರದು. ಬಿದ್ದ ದಾಳವನ್ನು ಮುಚ್ಚಿಟ್ಟು ತನಗೆ ಬೇಕಾದ ಫಲ ಹೇಳುವ ಚಾಳಿ ಹಲವರಿಗಿದೆ; ಅದು ಒಮ್ಮೆ ಬಯಲಾದರೆ ಆ ಮೇಜಿನಲ್ಲಿ ದಾಳಕ್ಕೆ ಬೆಲೆ ಹೋದಂತೆಯೇ. ಎಲ್ಲರ ಕಣ್ಣೆದುರು ಹಾಕುವುದು ಒಳ್ಳೆಯದು.

ನಿಯಮಗಳನ್ನು ಕನ್ನಡಕ್ಕೆ ತರಲು ಈಗ ಕಾನೂನಿನ ಅಡ್ಡಿಯೂ ಇಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ ಮೂಲನಿಯಮಗಳ ದಾಖಲೆಯನ್ನು ಅದರ ಒಡೆತನದ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿದೆ. ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಅದನ್ನು ಅನುವಾದಿಸಬಹುದು, ಬದಲಿಸಬಹುದು, ಮಾರಲೂಬಹುದು. ನಾನೂರು ಪುಟ ದಾಟುವ ಆ ದಾಖಲೆಯಲ್ಲಿ ಮೊದಲ ಆಟಕ್ಕೆ ಬೇಕಾದ್ದು ಹತ್ತಿಪ್ಪತ್ತು ಪುಟವಷ್ಟೇ. ನಾಲ್ಕು ತಾಲ್ಲೂಕಿನವರು ಹಂಚಿಕೊಂಡು ಕೂತರೆ ಬೇಸಿಗೆ ರಜೆಯೊಳಗೆ ಮುಗಿಯುವ ಕೆಲಸ.

ಮೇಜಿನ ಸುತ್ತ ಕೂತ ಮನುಷ್ಯರನ್ನು ನಿಭಾಯಿಸುವುದು ಎಲ್ಲಕ್ಕಿಂತ ದೊಡ್ಡ ಕೆಲಸ. ದನಿ ದೊಡ್ಡದಿರುವವರು ಎಲ್ಲರ ಪರವಾಗಿ ತೀರ್ಮಾನ ಮಾಡುತ್ತಾರೆ. ಮೆಲುದನಿಯವರು ಎರಡು ಕೂಟ ಬಂದು ಮೂರನೆಯದಕ್ಕೆ ಬರುವುದಿಲ್ಲ. ಇದಕ್ಕೆ ಉಪದೇಶ ಬೇಡ. ಒಬ್ಬೊಬ್ಬರನ್ನೂ ಹೆಸರು ಹಿಡಿದು, ಪಾತ್ರದ ಹೆಸರಿನಿಂದಲೇ, ‘ನೀನು ಏನು ಮಾಡುತ್ತಿದ್ದೀಯ’ ಎಂದು ಸರದಿಯಲ್ಲಿ ಕೇಳುವುದೊಂದೇ ಮದ್ದು. ಮೂರರಿಂದ ಐದು ಜನ ಸರಿಯಾದ ಅಳತೆ. ಏಳೆಂಟು ಜನ ಸೇರಿದರೆ ಸರದಿ ಬರುವಷ್ಟರಲ್ಲಿ ಮೊಬೈಲ್ ಕೈಗೆ ಬಂದಿರುತ್ತದೆ. ಹೋರಾಟವೇ ಬೇಕೆನ್ನುವವರು, ಒಗಟೇ ಬೇಕೆನ್ನುವವರು, ಮಾತುಕತೆಯೇ ಬೇಕೆನ್ನುವವರು ಒಂದೇ ಮೇಜಿನಲ್ಲಿ ಇರುತ್ತಾರೆ. ಪ್ರತಿ ಕೂಟದಲ್ಲೂ ಮೂವರಿಗೂ ಒಂದೊಂದು ತುತ್ತು ಸಿಗುವಂತೆ ನೋಡಿಕೊಳ್ಳಬೇಕು. ಹೆಣ್ಣುಮಕ್ಕಳು ಕತ್ತಲಾಗುವ ಮುಂಚೆ ಮನೆ ಸೇರಬೇಕೆಂಬ ಮನೆಗಳೇ ಹೆಚ್ಚು. ಅವರು ಆಡಬೇಕೆಂದಿದ್ದರೆ ಕೂಟ ಬೆಳಗ್ಗೆಯೇ ಇರಬೇಕು, ಮನೆಯವರಿಗೆ ಗೊತ್ತಿರುವ ಜಾಗದಲ್ಲಿ ಇರಬೇಕು. ಇದನ್ನು ಆಟಗಾರ್ತಿಯರ ತೊಂದರೆ ಎಂದು ಬಿಡುವಂತಿಲ್ಲ, ಅದು ನಡೆಸುವವರ ಹೊಣೆ.

ಹೊತ್ತು ಹೊಂದಿಸುವುದಂತೂ ಎಲ್ಲ ದೇಶದ ಗೇಮ್ ಮಾಸ್ಟರ್‌ಗಳ ಗೋಳು. ಚಿತ್ರದುರ್ಗದಿಂದ ಹಿರಿಯೂರು ಸುಮಾರು 40 ಕಿಲೋಮೀಟರ್. ಹೊಸದುರ್ಗ ಇನ್ನೂ ದೂರ. ಪರೀಕ್ಷೆ, ಹಬ್ಬ, ಜಾತ್ರೆ, ಮದುವೆ, ಶೇಂಗಾ ಕೀಳುವ ಕಾಲ ಎಂದು ತಿಂಗಳಿಗೊಂದು ಅಡ್ಡಿ ಬರುತ್ತದೆ. ಎಲ್ಲರೂ ಬಂದರೆ ಮಾತ್ರ ಆಟ ಎಂದು ಕಾಯುವ ಬಳಗ ಮೂರು ತಿಂಗಳಲ್ಲಿ ಚದುರುತ್ತದೆ. ದಿನ ಗೊತ್ತುಮಾಡಿ, ಮೂವರು ಬಂದರೂ ನಡೆಸುವುದು, ಬಾರದವರ ಪಾತ್ರ ಸುದ್ದಿ ತರಲು ಊರಿಗೆ ಹೋಗಿದೆ ಎನ್ನುವುದು ರೂಢಿಯಾಗಬೇಕು. ಪ್ರತಿ ಕೂಟದ ಕತೆಯೂ ಕೋಟೆಯ ಒಂದು ಬಾಗಿಲೊಳಗೆ ಬಂದು ನಿಂತರೆ ಇದು ಸುಲಭ.

ಇನ್ನೊಂದು ಸಂಗತಿಯಲ್ಲಿ ಸಡಿಲ ಸಲ್ಲದು. ಹೊರದೇಶದ ಮಾಯಾಲೋಕದಲ್ಲಿ ರಾಕ್ಷಸ ಕುಲವೊಂದನ್ನು ಹುಟ್ಟಾ ಕೆಟ್ಟದ್ದೆಂದು ಇಟ್ಟರೆ ಯಾರ ಮನೆಗೂ ಬೆಂಕಿ ಬೀಳುವುದಿಲ್ಲವೇನೋ. ದುರ್ಗದ ಆಟದಲ್ಲಿ ಪಾಳೆಯಗಾರರೂ ನವಾಬರ ಸೈನಿಕರೂ ಕಾಡುಗೊಲ್ಲರೂ ಮ್ಯಾಸಬೇಡರೂ ಪಾತ್ರಗಳಾಗುತ್ತಾರೆ. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಅದೇ ಮೇಜಿನಲ್ಲಿ ಕೂತಿರುತ್ತಾರೆ. ಓಬವ್ವ ಯಾವ ಸಮುದಾಯದವಳೆಂಬುದು ಇಲ್ಲಿ ಹೆಮ್ಮೆಯ ಮಾತು, ನೋವಿನ ಮಾತು ಕೂಡ. ಹೈದರನ ದಂಡಿನಲ್ಲೂ ದುರ್ಗದ ದಂಡಿನಲ್ಲೂ ಹಲವು ಜಾತಿ ಮತದವರಿದ್ದರು. ಶತ್ರುವಿಗೆ ಧರ್ಮದ ಮುಖ ಕೊಡುವ ಗೇಮ್ ಮಾಸ್ಟರ್ ಚರಿತ್ರೆಗೂ ತಪ್ಪುತ್ತಾರೆ, ಎದುರು ಕೂತ ಗೆಳೆಯನಿಗೂ ತಪ್ಪುತ್ತಾರೆ. ಕಾಡುಗೊಲ್ಲರು ಹಾಡುವ ಜುಂಜಪ್ಪನ ಕಾವ್ಯ ಅದ್ಭುತಗಳ ಗಣಿ; ಆದರೆ ಜುಂಜಪ್ಪ ಅವರಿಗೆ ಕುಲದೈವ. ಹೊಸದುರ್ಗದ ಹಾಲುರಾಮೇಶ್ವರದಲ್ಲಿ ನೀರಿನಿಂದ ಬರುವ ಪ್ರಸಾದಕ್ಕಾಗಿ ಇಂದಿಗೂ ಜನ ಕೈಮುಗಿದು ಕಾಯುತ್ತಾರೆ. ಅಂಥದ್ದನ್ನು ಕೊಲ್ಲಬೇಕಾದ ಪ್ರಾಣಿಯನ್ನಾಗಿಯೋ ಕದಿಯಬೇಕಾದ ಒಡವೆಯನ್ನಾಗಿಯೋ ಮಾಡುವ ಮುಂಚೆ ಹೆಸರು, ಜಾಗ ಬದಲಿಸಿ ಕಲ್ಪನೆಯ ದೈವವನ್ನು ಕಟ್ಟಿಕೊಳ್ಳುವುದು ಸರಿ.

ಅದಕ್ಕಾಗಿಯೇ ಮೊದಲ ಆಟಕ್ಕೆ ಮುಂಚೆ ದಾಳವಿಲ್ಲದ ಒಂದು ಕೂಟ ಬೇಕು. ಯಾವ ಬಗೆಯ ಕತೆ, ಎಷ್ಟು ಹೊತ್ತು, ಪಾತ್ರ ಸಾಯಬಹುದೇ, ಯಾವ ವಿಷಯ ಬರಲೇಬಾರದು, ಯಾವುದು ಬಂದರೂ ವಿವರಕ್ಕೆ ಹೋಗಬಾರದು ಎಂದು ಅಲ್ಲಿ ಮಾತಾಡಿಕೊಳ್ಳಬೇಕು. ಎದುರಿಗೆ ಹೇಳಲು ಸಂಕೋಚವಿರುವವರು ಚೀಟಿಯಲ್ಲಿ ಬರೆದುಕೊಡಲಿ. ಆಟದ ನಡುವೆ ಯಾರಿಗಾದರೂ ಕಸಿವಿಸಿಯಾದರೆ ಮುಟ್ಟಲೆಂದು ಕಾರ್ಡೊಂದನ್ನು ಮೇಜಿನ ಮೇಲಿಡುವ ಪದ್ಧತಿಯನ್ನು ಜಾನ್ ಸ್ಟಾವ್ರೋಪೌಲಸ್ ಎಂಬ ಆಟಗಾರ ರೂಢಿಗೆ ತಂದರು. ಮುಟ್ಟಿದವರು ಕಾರಣ ಹೇಳಬೇಕಾಗಿಲ್ಲ, ದೃಶ್ಯ ಬದಲಾಗುತ್ತದೆ. ಹಿರಿಯರೆದುರು ‘ಬೇಡ’ ಎನ್ನಲು ಹಿಂಜರಿಯುವ ನಮ್ಮ ಕಡೆಯ ಮಕ್ಕಳಿಗೆ ಇದು ಇನ್ನೂ ಹೆಚ್ಚು ಬೇಕು, ಅದರಲ್ಲೂ ಮೇಷ್ಟ್ರೇ ಗೇಮ್ ಮಾಸ್ಟರ್ ಆಗಿರುವ ಶಾಲೆಗಳಲ್ಲಿ.

ಹೊಸಬರು ಮೊದಲು ನಡೆಸುವ ಆಟ ಮೂರು ಗಂಟೆಯೊಳಗೆ ಮುಗಿಯುವಂಥದ್ದಾಗಿರಲಿ. ಮುಂದೆ ಹತ್ತಾರು ಕೂಟಗಳ ದೊಡ್ಡ ಕತೆಗೆ ಕೈಹಾಕಿದರೆ, ಯಾವ ಪ್ರಶ್ನೆಗೆ ಉತ್ತರ ಸಿಕ್ಕಾಗ ಅದು ಮುಗಿಯುತ್ತದೆಂದು ಮೊದಲೇ ಹೇಳಿಟ್ಟಿರಬೇಕು: ಕಿಂಡಿಯ ಗುಟ್ಟು ಬಿಟ್ಟುಕೊಟ್ಟವರು ಯಾರು, ಅಥವಾ ಈ ನಾಲ್ವರಲ್ಲಿ ಯಾರು ಕೋಟೆ ಬಿಟ್ಟು ಹೊರಗೆ ಬರುತ್ತಾರೆ. ಉತ್ತರ ಏನೆಂಬುದನ್ನು ಮಾತ್ರ ಗೇಮ್ ಮಾಸ್ಟರ್ ಬರೆದಿಟ್ಟುಕೊಳ್ಳಬಾರದು. ಪಾತ್ರಗಳ ಹೆಸರು, ಕೊಟ್ಟ ಮಾತು, ಮಾಡಿಕೊಂಡ ಸಾಲ, ಹಗೆ ಇವನ್ನು ಒಂದು ನೋಟ್ ಪುಸ್ತಕದಲ್ಲಿ ಪ್ರತಿ ಕೂಟದ ಕೊನೆಗೆ ಬರೆದಿಡಬೇಕು; ಬರೆಯುವ ಕೆಲಸ ಆಟಗಾರರಲ್ಲೇ ಒಬ್ಬರಿಗೆ ಕೊಟ್ಟರೆ ಅವರು ಕತೆಯನ್ನು ಗಮನವಿಟ್ಟು ಕೇಳುತ್ತಾರೆ, ಒಂದು ವರ್ಷದೊಳಗೆ ತಾವೇ ಆಟ ನಡೆಸುವಷ್ಟು ಪಳಗುತ್ತಾರೆ. ಒಬ್ಬರೇ ಗೇಮ್ ಮಾಸ್ಟರ್ ಇರುವ ಊರಿನಲ್ಲಿ ಅವರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕ ದಿನ ಆಟ ನಿಲ್ಲುತ್ತದೆ. ಆದ್ದರಿಂದ ಎರಡನೆಯ ಕತೆ ಶುರುವಾಗುವಾಗ ಬೇರೊಬ್ಬರು ನಡೆಸಲಿ, ಹಳಬರು ಒಂದು ಪಾತ್ರ ಹಿಡಿದು ಈಚೆ ಕಡೆ ಕೂರಲಿ.

ಇಂತಿ,
ದುರ್ಗದ ಆಟಗಳ ಒಬ್ಬ ಹಿತೈಷಿ